ಲಿಂಬೆಹಣ್ಣು ತಿಂದ ನಮ್ಮ ಡ್ರಮ್ಮು

ಈ ಮನೆಯ ಬೆಂಕಿಯನ್ನು ಇನ್ನು ಮುಂದೆ ನಾನೇ ಹುಟ್ಟಿಸುತ್ತೇನೆ! ಅದೂ ಎಲ್ಲಿ? ನಮ್ಮದೇ ಹಿತ್ತಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ!

ಹೀಗೆಂದು ನಾನು ಘೋಷಣೆ ಮಾಡಿದ್ದು ಒಂದು ಗುರುವಾರ ಬೆಳಿಗ್ಗೆ, ಕೈಯಲ್ಲಿ ಸೌಟು ಹಿಡಿದು. ಸಭಿಕರು ಮೂವರು. ನನ್ನ ಗಂಡ ಸುಧೀರ, ಝಳಕಿಯ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ಮಾಸ್ತರು. ಬಸ್ಸಿನ ಗಡಿಬಿಡಿಯಲ್ಲಿ ಒಂದೇ ಕಾಲಿಗೆ ಸಾಕ್ಸ್ ಏರಿಸಿಕೊಂಡು ನಿಂತಿದ್ದರು. ಎರಡನೆಯವರು ನನ್ನ ಅತ್ತೆ ಸರಸ್ವತೀಬಾಯಿ. ಹಿಂದಿನ ಪಡಸಾಲೆಯಲ್ಲಿ ಕಟ್ಟಿಗೆ ಒಲೆಯ ಮುಂದೆ ಕೂತು ಜೋಳದ ಭಕ್ಕರಿ ಬಡಿಯುತ್ತಿದ್ದರು. ಮೂರನೆಯವಳು ಹತ್ತು ತಿಂಗಳಿನ ನನ್ನ ಮಗಳು ಅನಘಾ. ನನ್ನ ಭಾಷಣಕ್ಕೆ ಅವಳು ಕೊಟ್ಟ ಉತ್ತರ, ಕೆಮ್ಮು.

ಆ ಕೆಮ್ಮೇ ಇಷ್ಟಕ್ಕೆಲ್ಲ ಕಾರಣ.

ನಾನು ಹುಬ್ಬಳ್ಳಿಯಲ್ಲಿ ಓದಿದವಳು. ಬಿ.ಎಸ್ಸಿ., ಅದೂ ಫಸ್ಟ್ ಕ್ಲಾಸು! ಮದುವೆಯಾಗಿ ಇಂಡಿಗೆ ಬಂದು, ಮಗಳು ಹುಟ್ಟಿದ ಮೇಲೆ ಆ ಓದೆಲ್ಲ ಭಯವಾಗಿ ಮಾರ್ಪಟ್ಟಿದೆ. ಕುದಿಸದ ನೀರು ಮಗಳ ಬಾಯಿಗಿರಲಿ, ಅಂಗಾಲಿಗೂ ತಾಗಬಾರದು. ಕೂಸನ್ನು ಎತ್ತಿಕೊಳ್ಳಬೇಕೆನ್ನುವ ಬಂಧುಬಳಗ ಮೊದಲು ನನ್ನ ಸ್ಯಾನಿಟೈಸರ್ ಬಾಟಲಿಯ ಮುಂದೆ ತೀರ್ಥಕ್ಕೆ ನಿಂತ ಹಾಗೆ ಕೈಯೊಡ್ಡಬೇಕು. ನನ್ನ ಅಜ್ಜಿ ಸೊಂಟದಲ್ಲಿ ಬೀಗದ ಕೈಗೊಂಚಲು ಸಿಕ್ಕಿಸಿಕೊಂಡಿರುತ್ತಿದ್ದಳು, ನಾನು ಥರ್ಮಾಮೀಟರ್. ಇಂಥ ಕೋಟೆಯೊಳಗೆ ಬೆಳೆಯುವ ನನ್ನ ಮಗಳು ದಿನಾ ಭಕ್ಕರಿಯ ಹೊತ್ತಿಗೆ ಸರಿಯಾಗಿ ಕೆಮ್ಮುತ್ತಾಳೆಂದರೆ! ಡಾಕ್ಟರು ಅವಳ ಎದೆಗೆ ಕೊಳವೆ ಇಟ್ಟು ಆಲಿಸಿ ಒಂದೇ ಪ್ರಶ್ನೆ ಕೇಳಿದ್ದರು: "ಮನ್ಯಾಗ ಹೊಗಿ ಅದ ಏನ್ರಿ?"

ಅದ ಏನ್ರಿ ಅಂದರೆ! ನಮ್ಮ ಪಡಸಾಲೆಯ ತೊಲೆಗಳು ಯಾವ ಮರದವೆಂದು ಹೇಳುವುದು ಬ್ರಹ್ಮನಿಗೂ ಸಾಧ್ಯವಿಲ್ಲ, ಅಷ್ಟು ಕಪ್ಪು.

"ಅತ್ಯಾ, ಸಿಲಿಂಡರ್ ಅದಲ್ಲ, ಅದರ ಮ್ಯಾಲೆ ಭಕ್ಕರಿ ಮಾಡೋಣು," ಎಂದು ನಾನು ನೂರು ಸಲ ಹೇಳಿದ್ದೆ.

"ಚಹಾ ಮಾಡ್ಕೋ, ಕೂಸಿನ ಗಂಜಿ ಮಾಡ್ಕೋ, ನಾ ಏನರೆ ಅಂದೇನೇನು?" ಅತ್ತೆ ಭಕ್ಕರಿಯಿಂದ ಕಣ್ಣೆತ್ತದೆ ಅನ್ನುತ್ತಿದ್ದರು. "ಆದ್ರ ದೇವರ ನೈವೇದ್ಯದ ಬೆಂಕಿ ನಮ್ಮ ಅಂಗಳದಾಗ ಹುಟ್ಟಬೇಕು. ಯಾವುದೋ ಊರಾಗ ಹುಟ್ಟಿ, ಲಾರ್ಯಾಗ ಕೂತು, ನಾಕು ಮಂದಿ ಕೈ ದಾಟಿ ಬಂದ ಬೆಂಕಿ ನನಗ ಬ್ಯಾಡ."

ಅಂಗಳದಲ್ಲಿ ಹುಟ್ಟಿದ ಬೆಂಕಿ! ನೂರಾ ಒಂದನೆಯ ಸಲ ಆ ಮಾತು ಕೇಳಿದಾಗ ನನ್ನ ಬಿ.ಎಸ್ಸಿ. ಮೈಮುರಿದು ಎದ್ದು ಕೂತಿತು. ಗೋಬರ್ ಗ್ಯಾಸ್! ಮೊಬೈಲಿನಲ್ಲಿ ಒಂದೇ ಮಧ್ಯಾಹ್ನ ಹದಿನೇಳು ವಿಡಿಯೋ ನೋಡಿದೆ. ಹದಿನೆಂಟನೆಯದು ನೋಡುವ ಅಗತ್ಯವೇ ಇಲ್ಲವೆನಿಸುವಷ್ಟು ಪಂಡಿತೆಯಾಗಿದ್ದೆ.

"ಶಗಣಿ ಗ್ಯಾಸೇನು?" ಆ ಗುರುವಾರ ನನ್ನ ಘೋಷಣೆ ಕೇಳಿ ಅತ್ತೆ ಮೊದಲ ಸಲ ಕಣ್ಣೆತ್ತಿದರು. "ಆಗ್ಲಿ. ಆದ್ರ ಎರಡು ಮಾತು. ಒಂದು, ಅದರಾಗ ಮುಸುರಿ, ಎಂಜಲ ಏನೂ ಬೀಳಬಾರದು. ಎಂಜಲದಿಂದ ಹುಟ್ಟಿದ ಬೆಂಕೀ ಮ್ಯಾಲೆ ನಾ ದೇವರಿಗೆ ಅಡಿಗಿ ಮಾಡಾಕಿ ಅಲ್ಲ. ಎರಡು, ಕೂಸಿನ ವರ್ಷದ ಹುಟ್ಟುಹಬ್ಬದ ದಿನ ನೈವೇದ್ಯದ ಪಾಯಸ ಅದರ ಮ್ಯಾಲೆ ಕುದೀಬೇಕು. ಕುದೀತು, ನನ್ನ ಕೈಯಾರೆ ಒಲಿ ಕೆಡವತೀನಿ. ಕುದೀಲಿಲ್ಲ…"

"ಕುದೀಲಿಲ್ಲ?"

"ಮುಂದ ಹೊಗಿ ಅಂತ ಒಂದಕ್ಷರ ಆಡಬಾರದು. ಮತ್ತ ನೀನೂ ಈ ಒಲೀ ಮುಂದ ಕೂತು ಭಕ್ಕರಿ ಬಡೀಲಿಕ್ಕೆ ಕಲೀಬೇಕು."

ಸುಧೀರ ಇನ್ನೊಂದು ಸಾಕ್ಸ್ ಹುಡುಕುತ್ತ, "ಇಬ್ಬರೂ ಸಹಿ ಮಾಡ್ರಿ. ಇಂಥಾ ಒಪ್ಪಂದ ಮುರಿದs ಎಷ್ಟೋ ಸಾಮ್ರಾಜ್ಯ ಮುಳಗ್ಯಾವ," ಅಂದರು. ಇತಿಹಾಸದ ಮಾಸ್ತರು!

ನಾಲ್ಕೇ ದಿನದಲ್ಲಿ ಮೀರಾಸಾಬ ಬಂದರು. ನಮ್ಮೂರಲ್ಲಿ ನೀರಿನ ಟಾಕಿ, ಸೋಲಾರ್ ದೀಪ, ಗ್ಯಾಸಿನ ಡ್ರಮ್ಮು, ಏನೇ ಕೂರಿಸಬೇಕಾದರೂ ಅವರೇ. ಒಂದು ದೊಡ್ಡ ಡ್ರಮ್ಮು. ಅದರೊಳಗೆ ಬೋರಲಾಗಿ ಇನ್ನೊಂದು. ಕೆಳಗಿನದರಲ್ಲಿ ಶಗಣಿಯ ಬಗ್ಗಡ. ಗ್ಯಾಸು ಹುಟ್ಟಿದಷ್ಟೂ ಮೇಲಿನ ಡ್ರಮ್ಮು ಏಳುತ್ತದೆ. ಅಲ್ಲಿಂದ ಒಂದು ಪೈಪು ಪಡಸಾಲೆಯ ಬರ್ನರಿಗೆ. ಇಷ್ಟೇ! ಎರಡು ಆಕಳು, ಒಂದು ಲಿಂಬೆ ತೋಟ ಇಟ್ಟುಕೊಂಡಿರುವ ಪಕ್ಕದ ಓಣಿಯ ಯಲ್ಲವ್ವ ಶಗಣಿ ತಂದು ಸುರಿದಳು. ನಾನು ಮಾಸ್ಕು, ಕೈಗವಸು, ತಲೆಗೆ ಪ್ಲಾಸ್ಟಿಕ್ ಟೋಪಿ ಹಾಕಿಕೊಂಡು ಉದ್ದದ ಕೋಲಿನಿಂದ ಕದಡಿದೆ.

"ಬಾಯಾರ, ಆಪರೇಶನ್ ಮಾಡಾಕತ್ತೀರೋ, ಶಗಣಿ ಕಲಸಾಕತ್ತೀರೋ?" ಯಲ್ಲವ್ವ ಕೇಳಿದಳು.

"ಮೀರಾಸಾಬ್ರ, ಇದರಾಗ ಕ್ರಿಮಿ ಆಗಬಾರದು ಅಂತ ಒಂದೆರಡು ಮುಚ್ಚಳ ಫಿನಾಯಿಲ್ ಹಾಕ್ಲೇನು?" ನಾನು ಕೇಳಿದೆ.

ಮೀರಾಸಾಬ ನಟ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟರು. "ಬಾಯಾರ, ಕ್ರಿಮಿ ಆಗ್ಲಿ ಅಂತನs ಇದನ್ನ ಕೂಡಿಸಾಕತ್ತೇನಿ. ಗ್ಯಾಸ್ ಮಾಡೋವು ಅವs ಅದಾವ್ರಿ!"

ಜನ್ಮವಿಡೀ ಕ್ರಿಮಿಗಳ ಮೇಲೆ ಯುದ್ಧ ಸಾರಿದವಳ ಹಿತ್ತಲಿನಲ್ಲಿ ಕೋಟಿ ಕೋಟಿ ಕ್ರಿಮಿಗಳಿಗೆ ಬಾಡಿಗೆಯಿಲ್ಲದ ವಸತಿ! ಆ ರಾತ್ರಿ ಮಗಳ ಕೈಯನ್ನು ಎರಡು ಸಲ ಹೆಚ್ಚು ತೊಳೆದೆ.

ಆದರೆ ಹತ್ತೊಂಬತ್ತನೆಯ ದಿನ ಬರ್ನರು ಭುಸ್ಸೆಂದು ನೀಲಿಯಾಗಿ ಹತ್ತಿತು ನೋಡಿ! ನಾನು ಕುಣಿದೆ. ಮಗಳನ್ನು ಕುಣಿಸಿದೆ. ತಾಯಿಗೆ ಫೋನು, ತಂಗಿಗೆ ವಿಡಿಯೋ. ಅದರ ಮೇಲೆ ಮಾಡಿದ ಮೊದಲ ಚಹಾವನ್ನು ಸುಧೀರರಿಗೆ ಬೆಳ್ಳಿಯ ಲೋಟದಲ್ಲಿ ಕೊಟ್ಟೆ. ಅತ್ತೆ ದೂರದಿಂದಲೇ ನೋಡಿ, "ಎಷ್ಟು ಹೊತ್ತು ಉರೀತದ?" ಅಂದರು.

ಅದೇ ತೊಂದರೆ. ಅರ್ಧ ಗಂಟೆ. ಪಾಯಸವೆಂದರೆ ಇಪ್ಪತ್ತೈದು ಜನರ ಪಾಯಸ, ದೊಡ್ಡ ತಪ್ಪೇಲಿ. ಅರ್ಧ ಗಂಟೆಯಲ್ಲಿ ಹಾಲೂ ಬಿಸಿಯಾಗದು.

ಮತ್ತೆ ಮೊಬೈಲು! ಹದಿನೆಂಟನೆಯ ವಿಡಿಯೋ ಹೇಳಿತು: ಬರೀ ಶಗಣಿಗಿಂತ ಅಡುಗೆಮನೆಯ ಉಳಿಕೆ ಹಾಕಿದರೆ ಗ್ಯಾಸು ಎಷ್ಟೋ ಪಟ್ಟು ಜಾಸ್ತಿ. ಆದರೆ ಎಂಜಲು ನಿಷಿದ್ಧ, ಮುಸುರೆ ನಿಷಿದ್ಧ. ಯಾರ ಬಾಯಿಯೂ ಮುಟ್ಟದ, ಮಡಿಗೆ ಭಂಗ ತರದ, ರಾಶಿರಾಶಿಯಾಗಿ ಸಿಗುವ ಉಳಿಕೆ ಎಲ್ಲಿಂದ ತರಲಿ?

ಅಷ್ಟರಲ್ಲಿ ಯಲ್ಲವ್ವ ಬಾಗಿಲಲ್ಲಿ ಬುಟ್ಟಿ ಇಳಿಸಿದಳು. "ಬಾಯಾರ, ಗಿಡದ ಬುಡಕ ಉದುರಿದ ಲಿಂಬಿಹಣ್ಣು ಭಾಳ ಬಿದ್ದಾವ. ಉಪ್ಪಿನಕಾಯಿಗೆ ಬೇಕೇನ್ರಿ?"

ಇಂಡಿಯಲ್ಲಿ ಇದ್ದುಕೊಂಡು ನನಗೆ ಈ ಉಪಾಯ ಹೊಳೆಯಲು ಇಷ್ಟು ದಿನ ಬೇಕಾಯಿತೇ! ಊರ ಸುತ್ತ ಎತ್ತ ನೋಡಿದರತ್ತ ಲಿಂಬೆ. ಯಾರೂ ಕಚ್ಚಿದ್ದಲ್ಲ, ಎಂಜಲಲ್ಲ, ಪೂಜೆಗೂ ನಡೆಯುವ ಹಣ್ಣು! ಮೇಲಾಗಿ ಶಗಣಿಯ ವಾಸನೆ ಹೋಗಿ ಹಿತ್ತಲೆಲ್ಲ ಘಮಘಮ! ಒಂದೇ ಏಟಿಗೆ ವಿಜ್ಞಾನ, ಧರ್ಮ, ಸ್ವಚ್ಛತೆ ಮೂರನ್ನೂ ಗೆದ್ದೆನಲ್ಲ ಎಂದು ಕನ್ನಡಿಯಲ್ಲಿ ನನ್ನನ್ನೇ ಒಮ್ಮೆ ನೋಡಿಕೊಂಡೆ.

ದಿನಕ್ಕೆ ಎರಡು ಬಕೆಟ್ ಲಿಂಬೆ. ಒರಳಲ್ಲಿ ಜಜ್ಜುವುದು, ಡ್ರಮ್ಮಿಗೆ ಸುರಿಯುವುದು. ಐದು ದಿನ! ಡ್ರಮ್ಮು ಎದ್ದಿತು ನೋಡಿ, ಆಹಾ! ಮೊದಲು ಮೊಣಕಾಲು, ಆಮೇಲೆ ಸೊಂಟ, ಐದನೆಯ ದಿನ ಕಾಂಪೌಂಡಿನ ಮೇಲಿಂದ ಓಣಿಗೆ ಇಣುಕತೊಡಗಿತು.

"ಏನ್ ಉಬ್ಬೇತ್ರಿ ಬಾಯಾರ!" ಎಂದಳು ಯಲ್ಲವ್ವ.

"ಗ್ಯಾಸ್ ಯಲ್ಲವ್ವಾ, ಗ್ಯಾಸ್!"

ಇನ್ನು ತಡವೇಕೆ? ಭಾನುವಾರ ಸಂಜೆ ಸಾರ್ವಜನಿಕ ಪ್ರದರ್ಶನ! ಓಣಿಯ ಹೆಂಗಸರು ಹನ್ನೆರಡು ಜನ. ಅತ್ತೆಗೆ ಮುಂದಿನ ಸಾಲಿನಲ್ಲಿ ಮಣೆ. ನಾನು ರೇಷ್ಮೆ ಸೀರೆಯುಟ್ಟು, ಸ್ವಾವಲಂಬನೆ ಎಂದರೇನು, ನಮ್ಮ ಬೆಂಕಿ ನಮ್ಮ ಅಂಗಳದಲ್ಲೇ ಹುಟ್ಟುವುದರ ಮಹತ್ವವೇನು ಎಂದು ಏಳು ನಿಮಿಷ ಮಾತಾಡಿ, ಬರ್ನರಿನ ಕಿವಿ ತಿರುಗಿಸಿ, ಕಡ್ಡಿ ಗೀರಿ ಹಿಡಿದೆ.

ಭುಸ್! ಕಡ್ಡಿ ಆರಿತು.

"ಗಾಳಿ," ಅಂದೆ.

ಇನ್ನೊಂದು ಕಡ್ಡಿ. ಭುಸ್! ಆರಿತು. ಸುಧೀರ ಎದ್ದು ಬಂದು ಎರಡೂ ಕೈಗಳಿಂದ ಮರೆ ಮಾಡಿದರು. ಭುಸ್! ಹತ್ತನೆಯ ಕಡ್ಡಿಗೆ ಸತ್ಯ ಗೊತ್ತಾಯಿತು. ಗಾಳಿಯಲ್ಲ; ಬರ್ನರಿನಿಂದ ಬರುತ್ತಿದ್ದ ಗ್ಯಾಸೇ ಕಡ್ಡಿಯನ್ನು ಊದಿ ಆರಿಸುತ್ತಿತ್ತು!

ಅತ್ತೆ ಮಣೆಯ ಮೇಲಿಂದ ಅಲುಗಲಿಲ್ಲ. "ಮಂಜರಿ, ಒಂದು ಮಾತು ಕೇಳ್ಲಾ? ನೀ ಬೆಂಕಿ ಹಚ್ಚೋ ಯಂತ್ರ ತಂದೀಯೋ, ಬೆಂಕಿ ಆರಸೋ ಯಂತ್ರ ತಂದೀಯೋ?"

ಹನ್ನೆರಡು ಜನ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮುಚ್ಚಿಕೊಂಡರೇನು, ಭುಜ ಕುಣಿಯುವುದು ಕಾಣುವುದಿಲ್ಲವೇ? ಆ ಸಂಜೆ ಎಲ್ಲರಿಗೂ ಚಹಾ ಆಗಿದ್ದು ಅತ್ತೆಯ ಒಲೆಯ ಮೇಲೆ. ಹೊಗೆ ತುಂಬಿತು. ಮಗಳು ಕೆಮ್ಮಿದಳು. ನಾನು ಅವಳನ್ನೆತ್ತಿಕೊಂಡು ಒಳಗಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡೆ. ಹುಟ್ಟುಹಬ್ಬಕ್ಕೆ ಉಳಿದದ್ದು ಇಪ್ಪತ್ತಾರು ದಿನ.

ಮರುದಿನ ಮೀರಾಸಾಬ ಬಂದವರೇ ಡ್ರಮ್ಮಿನ ಬಾಯಿಗೆ ಮೂಗು ಒಡ್ಡಿ, "ಇದೇನ್ರಿ, ಶರಬತ್ ಅಂಗಡಿ ಇಟ್ಟಂಗ ವಾಸನಿ!" ಎಂದು, ಜೇಬಿನಿಂದ ಒಂದು ನೀಲಿ ಕಾಗದದ ಚೂರು ತೆಗೆದು ಅದ್ದಿದರು. ಕಾಗದ ಕೆಂಪಾಯಿತು.

ನೀಲಿ ಲಿಟ್ಮಸ್! ಆಮ್ಲದಲ್ಲಿ ಕೆಂಪು! ಮೊದಲ ವರ್ಷದ ಪ್ರಯೋಗಾಲಯದಲ್ಲಿ ಇದೇ ಕಾಗದವನ್ನು ಇದೇ ಲಿಂಬೆಹಣ್ಣಿನ ರಸದಲ್ಲಿ ಅದ್ದಿ ಹತ್ತಕ್ಕೆ ಹತ್ತು ಅಂಕ ಪಡೆದವಳು ನಾನು. ನಮ್ಮ ಪ್ರಾಧ್ಯಾಪಕರು ಈ ಕ್ಷಣ ನೋಡಲಿಲ್ಲವಲ್ಲ ಎಂಬುದೊಂದೇ ಸಮಾಧಾನ.

"ಏನೇನು ಹಾಕೀರಿ ಖರೇ ಹೇಳ್ರಿ."

"ಲಿಂಬಿಹಣ್ಣು… ದಿನಾ ಎರಡು ಬಕೆಟ್."

ಮೀರಾಸಾಬ ತಲೆಯ ಮೇಲೆ ಕೈ ಹೊತ್ತು ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು. "ಬಾಯಾರ, ಇದು ಡ್ರಮ್ಮಲ್ಲ, ಹೊಟ್ಟಿ! ಒಳಗಿನವು ತಿಂಗಳ ಕೂಸುಗಳು. ನಿಮ್ಮ ಕೂಸಿಗೆ ಎರಡು ಬಕೆಟ್ ಲಿಂಬಿಹಣ್ಣು ತಿನಸ್ತೀರೇನ್ರಿ? ಹೊಟ್ಟಿ ಹುಳಿ ಆಗೈತಿ. ಉರಿಯೋ ಗ್ಯಾಸ್ ಮಾಡೋವು ಮಕ್ಕೊಂಡುಬಿಟ್ಟಾವ. ಈಗ ಬರೋದು ಸೋಡಾ ಬಾಟ್ಲಿ ಗ್ಯಾಸ್, ಬೆಂಕಿ ಆರಸೂದು!"

ಈ ಮಾತು ನನಗೆ ನಾಟಿದ ಹಾಗೆ ಡಾಕ್ಟರ ಮಾತೂ ನಾಟಿರಲಿಲ್ಲ. ಕೂಸುಗಳು! ಹಸಿವಾದರೆ ಅಳಲೂ ಬಾರದ ಕೋಟಿ ಕೂಸುಗಳಿಗೆ ನಾನು ಲಿಂಬೆಹಣ್ಣು ತುರುಕಿದ್ದೆ! ಕಣ್ಣಲ್ಲಿ ನೀರೇ ಬಂತು.

ಮೀರಾಸಾಬ ಚಿಕಿತ್ಸೆ ಬರೆಸಿದರು. ಹತ್ತು ದಿನ ಹೊಸದೇನೂ ತಿನ್ನಿಸಬಾರದು. ದಿನಾ ಸುಣ್ಣದ ತಿಳಿ ಹಾಕಿ ಹುಳಿ ಇಳಿಸಬೇಕು. ಆಮೇಲೆ ಚೆನ್ನಾಗಿ ನಡೆಯುತ್ತಿರುವ ಬೇರೆ ಗ್ಯಾಸಿನ ಗುಂಡಿಯಿಂದ ಒಂದು ಕ್ಯಾನು ಬಗ್ಗಡ ತಂದು, ಹಾಲಿಗೆ ಹೆಪ್ಪು ಹಾಕಿದಂತೆ ಇದಕ್ಕೆ ಹಾಕಬೇಕು.

ಅಂಥ ಗುಂಡಿ ಇದ್ದದ್ದು ಝಳಕಿಯ ಒಬ್ಬ ರೈತರ ಹೊಲದಲ್ಲಿ. ಹೀಗಾಗಿ ಹನ್ನೊಂದನೆಯ ದಿನ, ಇತಿಹಾಸದ ಮಾಸ್ತರು ಇಸ್ತ್ರಿ ಮಾಡಿದ ಅಂಗಿಯಲ್ಲಿ, ಇಪ್ಪತ್ತು ಲೀಟರಿನ ಕ್ಯಾನನ್ನು ತೊಡೆಯ ನಡುವೆ ಇಟ್ಟುಕೊಂಡು ಸಂಜೆಯ ಬಸ್ಸಿನಲ್ಲಿ ಕೂತರು.

"ಕ್ಯಾನಿನ್ಯಾಗ ಏನೈತ್ರಿ ಸರ?" ಕಂಡಕ್ಟರು ಕೇಳಿದನಂತೆ.

"ಔಷಧ."

"ಯಾರಿಗ್ರಿ?"

"ಮನ್ಯಾಗ ಡ್ರಮ್ಮಿಗೆ ಆರಾಮಿಲ್ಲ."

ಕಂಡಕ್ಟರು ಟಿಕೆಟ್ ಕೊಟ್ಟು, ಅಷ್ಟಕ್ಕೇ ಬಿಟ್ಟು ಮುಂದೆ ಹೋದ. ಆದರೆ ನಮ್ಮ ರಸ್ತೆ ಸುಮ್ಮನಿರುತ್ತದೆಯೇ! ಮೂರನೆಯ ಗುಂಡಿಗೆ ಕ್ಯಾನಿನ ಮುಚ್ಚಳ ಹಾರಿತು. ಸುಧೀರ ಹೇಳುವಂತೆ, ಆ ದಿನ ಅಷ್ಟು ಗದ್ದಲದ ಬಸ್ಸಿನಲ್ಲಿ ಅವರ ಸುತ್ತ ಎಂಟು ಸೀಟು ತಾವಾಗಿಯೇ ಖಾಲಿಯಾದವು.

"ಹದಿನೈದು ವರ್ಷದ ನೌಕರಿಯೊಳಗ ಇಷ್ಟು ಮರ್ಯಾದಿ ನನಗ ಯಾರೂ ಕೊಟ್ಟಿರಲಿಲ್ಲ," ಅಂದರು, ಮೂರನೆಯ ಬಾರಿ ಸ್ನಾನ ಮಾಡಿ ಬಂದು.

ಈ ಕಡೆ ನಾನು ಬಾಣಂತನ ಸುರು ಮಾಡಿದ್ದೆ, ಡ್ರಮ್ಮಿನ ಬಾಣಂತನ! ಮಾಘದ ಬೆಳಗಿನ ಚಳಿಗೆ ಹಳೆಯ ಕೌದಿ ಹೊದಿಸಿದೆ. ಮಗಳ ಥರ್ಮಾಮೀಟರನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟು ಮೂರು ಹೊತ್ತು ತಾಪ ನೋಡಿದೆ. (ಮಗಳಿಗೆ ಹೊಸದು ತಂದೆ, ಗಾಬರಿಯಾಗಬೇಡಿ.) ಸುಣ್ಣದ ತಿಳಿಯ ವಿಷಯದಲ್ಲಿ ಮಾತ್ರ ಧೈರ್ಯ ಸಾಲಲಿಲ್ಲ. ಸುಣ್ಣವೆಂದರೆ ಸುಡುವ ಪದಾರ್ಥ. ಒಳಗಿನ ಎಳೆಯ ಜೀವಗಳಿಗೆ ಹೆಚ್ಚಾದರೆ? ಮಗಳಿಗೆ ಔಷಧಿ ಕುಡಿಸುವ ಪುಟ್ಟ ಚಮಚೆಯಿಂದ ಬೆಳಿಗ್ಗೆ ಒಂದು, ಸಂಜೆ ಒಂದು ಹಾಕಿದೆ.

ಒಂದು ಬೆಳಿಗ್ಗೆ ಹಿತ್ತಲಿಗೆ ಹೋಗುತ್ತೇನೆ, ಡ್ರಮ್ಮಿನ ಕೊರಳಿಗೆ ದಾರ ಕಟ್ಟಿ ಎರಡು ಮೆಣಸಿನಕಾಯಿ, ನಡುವೆ ಒಂದು ಲಿಂಬೆಹಣ್ಣು ಯಾರೋ ತೂಗುಹಾಕಿದ್ದಾರೆ! ನಾನು ಹಾವು ಕಂಡವಳಂತೆ ಚೀರಿದೆ.

"ಯಾರು ಕಟ್ಟಿದ್ರು ಇದನ್ನ?"

"ನಾನs," ಅಂದರು ಅತ್ತೆ. "ಹನ್ನೆರಡು ಮಂದಿ ಕಣ್ಣು ಬಿದ್ದದ ಅದಕ್ಕ. ದೃಷ್ಟಿ."

"ಅದರ ಹಂತೇಕ ಲಿಂಬಿಹಣ್ಣು ತರಬ್ಯಾಡ್ರಿ ಅತ್ಯಾ! ನೋಡಿದ್ರ ಅಂಜತಾವ!"

ಅತ್ತೆ ನನ್ನನ್ನು ಒಂದು ನಮೂನೆ ನೋಡಿ, ಲಿಂಬೆಹಣ್ಣು ಬಿಚ್ಚಿಕೊಂಡು ಒಳಗೆ ಹೋದರು.

ಇನ್ನೊಂದು ವಿಚಿತ್ರ. ದಿನಾ ಬೆಳಿಗ್ಗೆ ಡ್ರಮ್ಮಿನ ಬಾಯಿಯ ಅಂಚಿಗೆ ಬೆಳ್ಳಗೆ, ವಿಭೂತಿ ಬಳಿದ ಹಾಗೆ ಗುರುತು. ನಾವು ವೈಷ್ಣವರು, ಮನೆಯಲ್ಲಿ ವಿಭೂತಿ ಇಲ್ಲ. ಯಲ್ಲವ್ವ ಇದಕ್ಕೆ ಪೂಜೆ ಸುರು ಮಾಡಿದ್ದಾಳೇನೋ ಎಂದು ಅವಳನ್ನು ಕೇಳಿದೆ.

"ನಾನ್ಯಾಕ ಮಾಡ್ಲಿರಿ? ನನ್ನ ಆಕಳಿಗೆ ಮಾಡಿದ್ರ ಹಾಲರೆ ಕೊಡತಾವು," ಅಂದಳು.

ಹುಟ್ಟುಹಬ್ಬಕ್ಕೆ ನಾಲ್ಕು ದಿನ ಮೊದಲು, ಕೌದಿಯ ಕೆಳಗೆ ಡ್ರಮ್ಮು ಮೆಲ್ಲಗೆ ಏಳತೊಡಗಿತು. ಕೈ ಜೋಡಿಸಿ ಕಡ್ಡಿ ಗೀರಿದೆ. ನೀಲಿ! ಸ್ವಚ್ಛ, ಶಾಂತ ನೀಲಿ! ಮುಂದಿನ ನಾಲ್ಕು ದಿನ ಆ ಗ್ಯಾಸಿನಲ್ಲಿ ಒಂದು ಗುಟುಕು ಚಹಾ ಮಾಡಲೂ ಬಿಡದೆ ಕೂಡಿಟ್ಟೆ.

ಹುಟ್ಟುಹಬ್ಬದ ಬೆಳಿಗ್ಗೆ ಅತ್ತೆ ಮಡಿಯುಟ್ಟು ಬಂದು, ಹಿತ್ತಾಳೆಯ ದೊಡ್ಡ ತಪ್ಪೇಲಿಯನ್ನು ನನ್ನ ಬರ್ನರಿನ ಮೇಲೆ ಇಟ್ಟರು. ಕಟ್ಟಿಗೆ ಒಲೆ ಆ ದಿನ ಹತ್ತಿರಲಿಲ್ಲ. ಹಾಲು ಕುದಿಯಿತು. ಶ್ಯಾವಿಗೆ ಬಿದ್ದಿತು. ಮುಕ್ಕಾಲು ಗಂಟೆ, ಒಂದು ಗಂಟೆ, ಜ್ವಾಲೆ ಕುಂದಲಿಲ್ಲ! ಪಾಯಸ ಗಟ್ಟಿಯಾಗಿ ಗುಳುಗುಳು ಅಂದಿತು. ಅನಘಾ ಪಡಸಾಲೆಯ ನಡುವೆಯೇ ಕೂತು ಬೆಳ್ಳಿಯ ಗಿಲಕಿ ಆಡಿಸುತ್ತಿದ್ದಳು. ನಾನು ಉಸಿರು ಬಿಗಿಹಿಡಿದು ಕಾದೆ. ಒಂದೂ ಕೆಮ್ಮಿಲ್ಲ!

ನೈವೇದ್ಯ ಮುಗಿದು, ಜನರೆಲ್ಲ ಊಟಕ್ಕೆ ಕೂತಾಗ ನಾನು ತಡೆದುಕೊಳ್ಳಲಾರದೆ ಮತ್ತೆ ಭಾಷಣ ಸುರು ಮಾಡಿದೆ. ಸರಿಯಾದ ಶುಶ್ರೂಷೆ, ಅಳತೆಯ ಔಷಧಿ, ತಾಯಿಯ ಮಮತೆ, ಮತ್ತು ಬಿ.ಎಸ್ಸಿ. ಇದ್ದರೆ ಏನು ಸಾಧ್ಯವಿಲ್ಲ!

ಊಟಕ್ಕೆ ಬಂದಿದ್ದ ಮೀರಾಸಾಬ ಡ್ರಮ್ಮು ನೋಡಿಕೊಂಡು ಬಂದು, "ಇಷ್ಟು ಲಗೂ ಸುಧಾರಿಸ್ತದ ಅಂತ ನಾ ತಿಳಿದಿರಲಿಲ್ಲ. ಎಷ್ಟು ಸುಣ್ಣ ಹಾಕಿದ್ರಿ ಬಾಯಾರ?" ಅಂದರು.

"ದಿನಾ ಎರಡು ಚಮಚೆ. ಈ ಚಮಚೆ." ಹೆಮ್ಮೆಯಿಂದ ತೋರಿಸಿದೆ.

ಮೀರಾಸಾಬ ಚಮಚೆ ನೋಡಿದರು, ಡ್ರಮ್ಮು ನೋಡಿದರು. "ಈ ಚಮಚೇಲೆ ಹಾಕಿದ್ರ ಅದು ಸುಧಾರಿಸೋದು ನಿಮ್ಮ ಮಗಳ ಮದಿವಿ ಹೊತ್ತಿಗೆ ಆಗ್ತಿತ್ರಿ! ಮತ್ತೇನೋ ಬಿದ್ದೈತಿ ಅದರಾಗ."

ಮತ್ತೇನು? ನಾನು ಸುಧೀರರ ಮುಖ ನೋಡಿದೆ. ಸುಧೀರ ತಮ್ಮ ತಾಯಿಯ ಮುಖ ನೋಡಿದರು. ಅತ್ತೆ ಎಲೆಗಳಿಗೆ ಪಾಯಸ ಬಡಿಸುತ್ತಲೇ ಇದ್ದರು.

"ಬೂದಿ," ಅಂದರು. "ದಿನಾ ಬೆಳಿಗ್ಗೆ ಒಲೀದು ಎರಡು ಬೊಗಸಿ. ಹುಳಿ ಹಿಡದ ಪಾತ್ರಿ ಬೂದೀಲೆ ತಿಕ್ಕಿದ್ರ ಸ್ವಚ್ಛ ಆಗ್ತದ. ಇದು ಅದರಕಿಂತ ದೊಡ್ಡ ಪಾತ್ರಿ, ಅಷ್ಟs. ಇದಕ್ಕೇನು ಹುಬ್ಬಳ್ಳಿಗೆ ಹೋಗಿ ಓದಬೇಕಾಗೇದೇನು?"

ಓಡಿಸಬೇಕೆಂದು ನಾನು ಹೊರಟಿದ್ದ ಒಲೆಯ ಬೂದಿಯಿಂದಲೇ ನನ್ನ ಡ್ರಮ್ಮು ಬದುಕಿತ್ತು!

"ಅತ್ಯಾ, ಡ್ರಮ್ಮು ಕೆಟ್ಟಿದ್ರ ನೀವು ಗೆಲ್ತಿದ್ರಲ್ಲ…"

"ಆ ಕೆಮ್ಮು ನನಗ ಕೇಳಸ್ತಿರಲಿಲ್ಲೇನು?" ಅತ್ತೆ ಇಷ್ಟೇ ಅಂದು ಸೌಟು ಕೆಳಗಿಟ್ಟರು.

ಊಟವಾದ ಮೇಲೆ, ಆಡಿದ ಮಾತಿನಂತೆ, ತಾವೇ ಹಾರೆ ಹಿಡಿದು ನಲವತ್ತು ವರ್ಷದ ಒಲೆಯನ್ನು ಮೂರೇ ಏಟಿಗೆ ಕೆಡವಿದರು. ಕೈ ತೊಳೆದುಕೊಂಡು ಒಳಗೆ ಹೋಗಿ, ಒಂದು ದೊಡ್ಡ ಹಿತ್ತಾಳೆಯ ಡಬ್ಬಿ ತಂದು ನನ್ನ ಕೈಗೆ ಕೊಟ್ಟರು. ಹುಟ್ಟುಹಬ್ಬದ ದಿನ ಅತ್ತೆ ಸೊಸೆಗೆ ಕೊಡುವ ಡಬ್ಬಿ! ಭಾರವೂ ಇತ್ತು. ಆಸೆಯಿಂದ ಮುಚ್ಚಳ ತೆಗೆದೆ.

ಬೂದಿ. ಕಂಠಮಟ್ಟ.

"ಜರಡಿ ಹಿಡದಿಟ್ಟೇನಿ. ಇನ್ನ ಒಲಿ ಇಲ್ಲ, ಜ್ವಾಕಿಲೆ ಬಳಸು."

"ಈಗ ಡ್ರಮ್ಮು ಸರಿ ಆಗೇದಲ್ಲ ಅತ್ಯಾ? ಇಷ್ಟ್ಯಾಕ?"

"ಹುಣಸಿಹಣ್ಣಿನ ಸುಗ್ಗಿ ಸುರು ಆಗೇದ," ಅಂದರು ಅತ್ತೆ. "ನಿನ್ನ ಕೈ ನನಗ ಗೊತ್ತದ."

ಡಬ್ಬಿಯ ಮುಚ್ಚಳ ಹಾಕಿ, ಡ್ರಮ್ಮಿನ ಪಕ್ಕದಲ್ಲೇ ಇಟ್ಟು ಬಂದೆ. ಮತ್ತೇನು ಮಾಡಲಿ? ಯಾರೂ ಬಾಯಿಗಿಡದ್ದು, ಎಂಜಲಾಗದ್ದು ಎಂದು ಎರಡು ಬುಟ್ಟಿ ಹುಣಸೆ ತರಲು ನಾನು ಯಲ್ಲವ್ವನಿಗೆ ಹೇಳಿ ಆಗಲೇ ಎರಡು ದಿನವಾಗಿತ್ತು.